ಕ್ರಿಯಾಪದದ ಬಾಲವೂ ನನ್ನ ಪೋರ್ತುಗೀಸ್ ಮಾತಿನ ಮಿತ್ರನೂ

ಕಳೆದ ವರ್ಷ ವಿದ್ಯಾರ್ಥಿನಿಲಯದಲ್ಲಿ ನನ್ನೊಡನೆ ಒಂದೇ ಕೊಠಡಿಯಲ್ಲಿದ್ದ ಮಿತ್ರನು ಮೊಜಾಂಬಿಕ್ ದೇಶದ ಮಾಪುಟೋ ನಗರದವನು. ಅವನ ಮನೆಮಾತು ಪೋರ್ತುಗೀಸು. ವಿದ್ಯಾರ್ಥಿವೇತನದ ಅರ್ಜಿಗಳನ್ನು ಶನಿವಾರದೊಳಗೆ ‘ಹ್ಯಾಂಡ್ ಇನ್’ ಮಾಡತಕ್ಕದ್ದೆಂದು ಇಂಗ್ಲಿಷಿನಲ್ಲಿ ಪ್ರಕಟಣೆ ಬಂದಿತ್ತು. ‘ಹ್ಯಾಂಡ್’ ಎಂದರೆ ಕೈಯಷ್ಟೆ. ಶನಿವಾರದೊಳಗೆ ಅರ್ಜಿಗಳನ್ನು ಕೈಗೆ ಕೊಡುವರೆಂದು ತಿಳಿದು ಅವನು ಸೋಮವಾರ ನಿಶ್ಚಿಂತೆಯಿಂದ ಕೇಳಲು ಹೋದನು. ಆ ವರ್ಷದ ವೇತನ ತಪ್ಪಿತು. ಅಂದು ರಾತ್ರಿ ಅವನು ಊಟಕ್ಕೆ ಬರಲಿಲ್ಲ. ಮರುದಿನದಿಂದ ನಾವಿಬ್ಬರೂ ಸಂಜೆ ಹೊತ್ತು ಈ ಜೋಡಿಪದಗಳನ್ನು ಹಿಡಿದು ಕುಳಿತೆವು.

ಇವು ಪರಭಾಷಿಕರಿಗೆ ಬಲು ತೊಡಕೆಂದು ಡಾಕ್ಟರ್ ಜಾನ್ಸನ್ನರು 1755ರ ತಮ್ಮ ನಿಘಂಟಿನ ಮುನ್ನುಡಿಯಲ್ಲಿಯೇ ಹೇಳಿದ್ದಾರೆ. ‘ಫ್ರೇಸಲ್ ವರ್ಬ್’ ಎಂಬ ಹೆಸರನ್ನು 1925ರಲ್ಲಿ ಬಳಕೆಗೆ ತಂದವರು ಲೋಗನ್ ಪಿಯರ್ಸಾಲ್ ಸ್ಮಿತ್ತರು. ಆದರೆ ನನ್ನ ಮಿತ್ರನ ತೊಡಕಿಗೆ ಅವನ ನುಡಿಯದೇ ಒಂದು ಕಾರಣವಿತ್ತು. ಇಂಗ್ಲಿಷಿನಲ್ಲಿ ‘ಗೋ’ ಎಂಬ ಒಂದೇ ಕ್ರಿಯೆಗೆ ಇನ್, ಔಟ್, ಅಪ್, ಡೌನ್ ಎಂಬ ಬಾಲಗಳನ್ನು ಕಟ್ಟುತ್ತಾರೆ. ಪೋರ್ತುಗೀಸಿನಲ್ಲಿ ಅವು ನಾಲ್ಕು ಬೇರೆ ಬೇರೆ ಕ್ರಿಯಾಪದಗಳು: ಎಂತ್ರಾರ್, ಸಾಯೀರ್, ಸುಬೀರ್, ದೆಸೇರ್. ದಿಕ್ಕು ಕ್ರಿಯೆಯ ಹೊಟ್ಟೆಯೊಳಗೇ ಅಡಗಿದೆ. ಆದ್ದರಿಂದ ಕ್ರಿಯಾಪದ ಮುಗಿದೊಡನೆ ಅರ್ಥವೂ ಮುಗಿಯಿತೆಂದು ಅವನ ಕಿವಿ ವಿಶ್ರಮಿಸುತ್ತಿತ್ತು. ಇಂಗ್ಲಿಷರೋ, ‘ಗಿವ್ ಅಪ್’ ಎನ್ನುವಾಗ ಒತ್ತಿ ನುಡಿಯುವುದು ಆ ಬಾಲವನ್ನೇ! ಒಪ್ಪಿಸುವುದಕ್ಕೆ ಎಂತ್ರೆಗಾರ್, ಹಂಚುವುದಕ್ಕೆ ದಿಸ್ತ್ರಿಬುಯೀರ್ ಎನ್ನುವವನಿಗೆ ‘ಹ್ಯಾಂಡ್ ಇನ್’, ‘ಹ್ಯಾಂಡ್ ಔಟ್’ ಎರಡೂ ಒಂದೇ ಆಗಿ ಕಂಡದ್ದರಲ್ಲಿ ಆಶ್ಚರ್ಯವೇನು?

ಇನ್ನೊಂದು ಅಪಾಯ ಲ್ಯಾಟಿನ್ ನಂಟಿನದು. ಎಂಟರ್, ಡಿಸೆಂಡ್, ಟಾಲರೇಟ್ ಮುಂತಾದ ಪದಗಳು ಇಂಗ್ಲಿಷಿನಲ್ಲಿಯೂ ಇವೆ. ಅವನಿಗೆ ಅವು ಬಂಧುಗಳಂತೆ. ‘ಪುಟ್ ಅಪ್ ವಿತ್’ ಎನ್ನಬೇಕಾದಲ್ಲೆಲ್ಲ ‘ಟಾಲರೇಟ್’ ಎಂದು ಪಾರಾಗುತ್ತಿದ್ದನು. ಒಮ್ಮೆ ಮಹಡಿಯಿಂದ, ತಾನು ಈಗಲೇ ‘ಡಿಸೆಂಡ್’ ಆಗುವೆನೆಂದು ಕೂಗಿದಾಗ ನಾವೆಲ್ಲ ನಕ್ಕೆವು. ವ್ಯಾಕರಣ ತಪ್ಪಿರಲಿಲ್ಲ. ಆದರೆ ನಮ್ಮಲ್ಲೊಬ್ಬನು ‘ಸೋಪಾನಾವರೋಹಣ ಮಾಡುತ್ತೇನೆ’ ಎಂದರೆ ಹೇಗಿರುತ್ತದೆ? ನಕ್ಕದ್ದಕ್ಕೆ ನನಗೆ ಈಗಲೂ ನಾಚಿಕೆಯಿದೆ.

ಕನ್ನಡಿಗರಾದ ನಮಗೆ ಈ ವಿಷಯದಲ್ಲಿ ಕೊಂಚ ಅನುಕೂಲವಿದೆಯೆಂದು ನನಗೆ ತೋರುತ್ತದೆ. ‘ಫೈಂಡ್ ಔಟ್’ ಎಂಬುದಕ್ಕೆ ಅವನು ದೆಸ್ಕೊಬ್ರೀರ್ ಎನ್ನುತ್ತಾನೆ. ಹೊದಿಕೆ ತೆಗೆ ಎಂಬುದು ಅದರ ಮೂಲಾರ್ಥ. ನಾವು ‘ಕಂಡುಹಿಡಿ’ ಎನ್ನುತ್ತೇವೆ. ಹಿಡಿಯುವುದಕ್ಕೆ ಕೈಯಲ್ಲಿ ಏನೂ ಇರಬೇಕಾಗಿಲ್ಲ. ಎರಡು ಪದ ಸೇರಿ ಮೂರನೆಯ ಅರ್ಥ ಹುಟ್ಟುವುದು ನಮಗೆ ಹೊಸದಲ್ಲ.

ಮೊದಲು ಅವನು ಪಟ್ಟಿ ಬರೆದು ಉರುಹಚ್ಚಿದನು: ‘ಪುಟ್ ಆಫ್’ ಎಂದರೆ ಅದಿಯಾರ್, ‘ಗಿವ್ ಅಪ್’ ಎಂದರೆ ದೆಸಿಸ್ತೀರ್. ಜೋಡಿಯನ್ನು ಒಂದೇ ಪದವೆಂದು ಕಲಿತದ್ದರಿಂದ ‘ಪುಟ್ ಆಫ್ ಇಟ್’ ಎನ್ನತೊಡಗಿದನು. ‘ಇಟ್’ ನಡುವೆ ಬರಬೇಕೆಂದು ಪಟ್ಟಿ ಹೇಳುವುದಿಲ್ಲವಷ್ಟೆ. ಕೊನೆಗೆ ಪಟ್ಟಿಯನ್ನು ಬದಿಗಿಟ್ಟು ಒಂದು ಪುಸ್ತಕವನ್ನು ಕೈಗೆತ್ತಿಕೊಂಡೆವು. ಕೆಳಗಿಡುತ್ತ ‘ಪುಟ್ ಇಟ್ ಡೌನ್’, ಎತ್ತುತ್ತ ‘ಪಿಕ್ ಇಟ್ ಅಪ್’, ಮೇಜಿನಾಚೆ ಒಪ್ಪಿಸುತ್ತ ‘ಹ್ಯಾಂಡ್ ಇಟ್ ಇನ್’. ಒಂದು ವಾರದಲ್ಲಿ ನಾಲಗೆ ಪಳಗಿತು. ‘ಲುಕ್ ಆಫ್ಟರ್ ಇಟ್’ ಎಂಬುದು ಮಾತ್ರ ಬಿಡಿಸಲೊಲ್ಲದು. ಅದಕ್ಕೆ ಕೈಯ ಆಟ ಸಾಗಲಿಲ್ಲ, ಬಾಯಿಪಾಠವೇ ಗತಿಯಾಯಿತು.

ಈ ವರ್ಷ ಅರ್ಜಿ ತುಂಬಿ ಎರಡು ದಿನ ಮುಂಚಿತವಾಗಿಯೇ ಕಚೇರಿಗೆ ಹೋದೆವು. ಅದನ್ನು ‘ಹ್ಯಾಂಡ್ ಇಟ್ ಇನ್’ ಮಾಡಬೇಕೆಂದು ಅವನು ಕಿಟಕಿಯಲ್ಲಿ ಸ್ಪಷ್ಟವಾಗಿ ಹೇಳಿದನು. ಗುಮಾಸ್ತರು ತಲೆಯೆತ್ತದೆ, “ಆ ಕಡೆ ಕೊಡಿ” ಎಂದರು. ಮಿತ್ರನು ನನ್ನ ಮುಖ ನೋಡಿದನು.