ಅಲೆಗಳ ಅಂಗಡಿ: ಸಾರ್ವಜನಿಕ ವೈಫೈ ತಾಣದ ಲಾಭ-ನಷ್ಟ

ಕಣ್ಣಿಗೆ ಕಾಣದ, ಕೈಗೆ ಸಿಗದ ಅಲೆಗಳನ್ನು ಚಿಲ್ಲರೆಯಾಗಿ ಮಾರಿ ಜೀವನ ಸಾಗಿಸಲು ಸಾಧ್ಯವೆ? ಸಾಧ್ಯವೆಂದು ನಂಬಿ ಈ ವ್ಯಾಪಾರಕ್ಕೆ ಇಳಿದ ದೊಡ್ಡ ಸಂಸ್ಥೆಗಳು ಕೆಲವು ಕೈಸುಟ್ಟುಕೊಂಡಿವೆ. ಈಗ ನಮ್ಮ ದೇಶದಲ್ಲಿ ಚಹದಂಗಡಿಯವನೂ ಕಿರಾಣಿ ವರ್ತಕನೂ ಇದೇ ವ್ಯಾಪಾರಕ್ಕೆ ಇಳಿಯಬಹುದೆಂದು ಸರಕಾರವು ದಾರಿ ತೆರೆದಿದೆ. ದೊಡ್ಡವರಿಗೆ ಎಟುಕದ ಲಾಭ ಸಣ್ಣವನಿಗೆ ಎಟುಕೀತೆ? ಈ ಪ್ರಶ್ನೆಗೆ ಉತ್ತರ ದೊರೆಯಬೇಕಾದರೆ ಮೊದಲು ಸ್ವಲ್ಪ ಭೌತವಿಜ್ಞಾನವನ್ನೂ ಅನಂತರ ಸ್ವಲ್ಪ ಅಂಕಗಣಿತವನ್ನೂ ಬಳಸಬೇಕಾಗುತ್ತದೆ.

ಅಲೆಗಳ ಸ್ವಭಾವ

ವೈಫೈ ತಾಣವೆಂದರೆ ತಂತಿಯ ಮೂಲಕ ಬಂದ ಅಂತರಜಾಲದ ಸಂಪರ್ಕವನ್ನು ರೇಡಿಯೋ ಅಲೆಗಳಾಗಿ ಸುತ್ತಲೂ ಹರಡುವ ಒಂದು ಪುಟ್ಟ ಪೆಟ್ಟಿಗೆ. ಅದು ಹೆಚ್ಚಾಗಿ ಬಳಸುವ ಆವೃತ್ತಿಗಳು ಎರಡು: 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಬೆಳಕಿನ ವೇಗವನ್ನು ಆವೃತ್ತಿಯಿಂದ ಭಾಗಿಸಿದರೆ ತರಂಗದೂರವು ದೊರೆಯುವುದಷ್ಟೆ. ಮೊದಲನೆಯದರ ತರಂಗದೂರ ಹನ್ನೆರಡೂವರೆ ಸೆಂಟಿಮೀಟರ್, ಎರಡನೆಯದರದು ಆರು ಸೆಂಟಿಮೀಟರ್. ಅಡುಗೆಯ ಮೈಕ್ರೋವೇವ್ ಒಲೆಯೂ 2.45 ಗಿಗಾಹರ್ಟ್ಸ್‌ನಲ್ಲಿಯೇ ಕೆಲಸಮಾಡುತ್ತದೆ. ನೀರು ಈ ಅಲೆಗಳ ಶಕ್ತಿಯನ್ನು ಹೀರಿಕೊಳ್ಳುವುದರಿಂದಲೇ ಒಲೆಯಲ್ಲಿ ಆಹಾರ ಬಿಸಿಯಾಗುತ್ತದೆ. ಮನುಷ್ಯನ ದೇಹದಲ್ಲಿ ನೀರಿನ ಅಂಶವೇ ಅಧಿಕವಾದುದರಿಂದ ಜನರು ಕಿಕ್ಕಿರಿದ ಸ್ಥಳದಲ್ಲಿ ವೈಫೈ ಅಲೆಗಳು ಬೇಗ ಸೊರಗುತ್ತವೆ. ಗಿರಾಕಿಗಳು ಹೆಚ್ಚಿದಂತೆಲ್ಲ ಸರಕು ಕೆಡುವ ವಿಚಿತ್ರ ವ್ಯಾಪಾರವಿದು!

ಈ ಅಲೆಗಳಿಗೆ ಒಂದು ದೊಡ್ಡ ಅನುಕೂಲವುಂಟು. ಮೊಬೈಲ್ ಸಂಸ್ಥೆಗಳು ತಮ್ಮ ತರಂಗಗುಚ್ಛವನ್ನು ಸರಕಾರದಿಂದ ಹರಾಜಿನಲ್ಲಿ ಕೊಳ್ಳಬೇಕು. 2022ರ ಒಂದೇ ಹರಾಜಿನಲ್ಲಿ ಅವು ಕೂಗಿದ ಮೊತ್ತ ಸುಮಾರು 1.5 ಲಕ್ಷ ಕೋಟಿ ರೂಪಾಯಿ. ವೈಫೈ ಪಟ್ಟಿಗಳಿಗಾದರೋ ಪರವಾನಗಿಯಿಲ್ಲ, ಶುಲ್ಕವಿಲ್ಲ. ಅಮೆರಿಕವು 1985ರಲ್ಲಿ ಇಂಥ ಮುಕ್ತ ಬಳಕೆಗೆ ಅವಕಾಶವಿತ್ತಿತು. ಭಾರತವು 2005ರಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಪರವಾನಗಿಯಿಂದ ಬಿಡುಗಡೆ ಮಾಡಿತು.

ಆದರೆ ಊರಿನ ಗೋಮಾಳದಲ್ಲಿ ಯಾರ ದನವಾದರೂ ಮೇಯಬಹುದಾದ್ದರಿಂದ ಯಾರಿಗೂ ಹೊಟ್ಟೆತುಂಬ ಹುಲ್ಲು ಸಿಗದು. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದಂತೆ ಇರಿಸಬಹುದಾದ ವಾಹಿನಿಗಳು ಮೂರೇ ಮೂರು. ಪಕ್ಕದ ಅಂಗಡಿಯ ಪೆಟ್ಟಿಗೆಯೂ ಅದೇ ವಾಹಿನಿಯಲ್ಲಿ ಮಾತನಾಡುತ್ತಿದ್ದರೆ ನಮ್ಮದು ಸುಮ್ಮನೆ ಕಾಯಬೇಕು. ಅಲೆಯ ಬಲವನ್ನು ಹೆಚ್ಚಿಸಿ ಗೆಲ್ಲೋಣವೆಂದರೆ ಕಾನೂನು ಅದಕ್ಕೆ ಮಿತಿಯನ್ನು ವಿಧಿಸಿದೆ. ದೂರ ಇಮ್ಮಡಿಯಾದರೆ ತೀವ್ರತೆಯು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುವುದೆಂಬ ವಿಲೋಮವರ್ಗ ನಿಯಮವನ್ನು ವಿದ್ಯಾರ್ಥಿಗಳು ಬಲ್ಲರು. ಗೋಡೆಗಳ ಅಡ್ಡಿಯನ್ನೂ ಸೇರಿಸಿಕೊಂಡರೆ ಒಂದು ತಾಣದ ರಾಜ್ಯ ಕೆಲವು ಹತ್ತು ಮೀಟರುಗಳಿಗೆ ಮುಗಿಯುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಒಂದು ವಾಹಿನಿಯಲ್ಲಿ ಒಂದು ಕ್ಷಣಕ್ಕೆ ಒಬ್ಬರೇ ಮಾತನಾಡಬಲ್ಲರು. ಹತ್ತಿರ ಕುಳಿತ ಗಿರಾಕಿಯ ವೇಗ ಸೆಕೆಂಡಿಗೆ 50 ಮೆಗಾಬಿಟ್, ದೂರದ ಮೂಲೆಯಲ್ಲಿರುವವನ ವೇಗ 5 ಮೆಗಾಬಿಟ್ ಎಂದು ಭಾವಿಸೋಣ. ಸರದಿಯಂತೆ ಇಬ್ಬರಿಗೂ 50 ಮೆಗಾಬಿಟ್ ಒಪ್ಪಿಸಲು ಮೊದಲನೆಯವನಿಗೆ ಒಂದು ಸೆಕೆಂಡು, ಎರಡನೆಯವನಿಗೆ ಹತ್ತು ಸೆಕೆಂಡು ಬೇಕು. ಹನ್ನೊಂದು ಸೆಕೆಂಡುಗಳಲ್ಲಿ ಸಾಗಿದ್ದು 100 ಮೆಗಾಬಿಟ್. ಅಂದರೆ ಸರಾಸರಿ ವೇಗ ಸೆಕೆಂಡಿಗೆ ಸುಮಾರು 9 ಮೆಗಾಬಿಟ್ ಮಾತ್ರ! ದೂರದ ಒಬ್ಬ ಗಿರಾಕಿ ಇಡೀ ಅಂಗಡಿಯ ವೇಗವನ್ನು ತನ್ನ ಮಟ್ಟದ ಹತ್ತಿರಕ್ಕೆ ಎಳೆದುಬಿಡುತ್ತಾನೆ. ದೊಡ್ಡ ಪ್ರದೇಶಕ್ಕೆ ಒಳ್ಳೆಯ ಸೇವೆ ಬೇಕಾದರೆ ಪೆಟ್ಟಿಗೆಗಳ ಸಂಖ್ಯೆಯನ್ನು ಹೆಚ್ಚಿಸಲೇಬೇಕು. ಪೆಟ್ಟಿಗೆ ಹೆಚ್ಚಿದಂತೆ ಖರ್ಚೂ ಹೆಚ್ಚುವುದು.

ದೊಡ್ಡವರ ಅನುಭವ

2002ರ ಡಿಸೆಂಬರಿನಲ್ಲಿ ಇಂಟೆಲ್, ಐ.ಬಿ.ಎಂ. ಮತ್ತು ಎ.ಟಿ.ಅಂಡ್.ಟಿ. ಕೂಡಿ ಕಾಮೆಟಾ ಎಂಬ ಸಂಸ್ಥೆಯನ್ನು ಹುಟ್ಟುಹಾಕಿದವು. ಅಮೆರಿಕದಲ್ಲಿ 20,000 ತಾಣಗಳನ್ನು ಸ್ಥಾಪಿಸುವುದು ಅದರ ಸಂಕಲ್ಪವಾಗಿತ್ತು. 2004ರಲ್ಲಿಯೇ ಅದು ಬಾಗಿಲು ಮುಚ್ಚಿತು. ಇತ್ತ ಹಣ ಪಡೆದು ವೈಫೈ ಒದಗಿಸುತ್ತಿದ್ದ ಸ್ಟಾರ್‌ಬಕ್ಸ್ ಕಾಫಿ ಅಂಗಡಿಗಳು 2010ರಲ್ಲಿ ಅಮೆರಿಕದಲ್ಲಿ ಅದನ್ನು ಉಚಿತವಾಗಿಸಿದವು. ಅಲೆಯನ್ನು ಮಾರುವುದಕ್ಕಿಂತ ಅಲೆಯ ನೆಪದಲ್ಲಿ ಗಿರಾಕಿಯನ್ನು ಕೂರಿಸಿ ಕಾಫಿ ಮಾರುವುದೇ ಮೇಲೆಂಬುದು ಈ ಬದಲಾವಣೆಯಲ್ಲಿ ಅಡಗಿರುವ ತತ್ತ್ವ.

ನಮ್ಮ ದೇಶದ ನಿದರ್ಶನವು ಇನ್ನೂ ಬೋಧಪ್ರದವಾದುದು. ಗೂಗಲ್ ಸಂಸ್ಥೆಯು ರೈಲ್‌ಟೆಲ್‌ನೊಡನೆ ಸೇರಿ 2016ರ ಜನವರಿಯಲ್ಲಿ ಮುಂಬಯಿ ಸೆಂಟ್ರಲ್ ನಿಲ್ದಾಣದಲ್ಲಿ ಉಚಿತ ವೈಫೈ ಆರಂಭಿಸಿತು. 2018ರ ಜೂನ್ ವೇಳೆಗೆ 400 ನಿಲ್ದಾಣಗಳನ್ನು ಮುಟ್ಟಿತು. ಆದರೆ 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದಮೇಲೆ ಮೊಬೈಲ್ ದತ್ತಾಂಶದ ಬೆಲೆ ಪಾತಾಳಕ್ಕಿಳಿದಿತ್ತು. 2020ರ ಫೆಬ್ರವರಿಯಲ್ಲಿ ಗೂಗಲ್ ಈ ಯೋಜನೆಯಿಂದ ಹಿಂದೆ ಸರಿಯುವುದಾಗಿ ಪ್ರಕಟಿಸಿದಾಗ, ಐದು ವರ್ಷಗಳಲ್ಲಿ ಬೆಲೆ ಶೇಕಡಾ 95ರಷ್ಟು ಕುಸಿದುದನ್ನು ಕಾರಣಗಳಲ್ಲಿ ಒಂದಾಗಿ ಹೇಳಿತು. ನಿಲ್ದಾಣಗಳ ಸೇವೆಯನ್ನು ರೈಲ್‌ಟೆಲ್ ಮುಂದುವರಿಸಿತು.

ಸಣ್ಣವನ ಲೆಕ್ಕ

2020ರ ಡಿಸೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟವು ‘ಪಿ.ಎಂ.-ವಾಣಿ’ ಯೋಜನೆಗೆ ಒಪ್ಪಿಗೆಯಿತ್ತಿತು. ಇದರಲ್ಲಿ ಅಂಗಡಿಯವನು ಪಿ.ಡಿ.ಒ., ಅರ್ಥಾತ್ ‘ಸಾರ್ವಜನಿಕ ದತ್ತಾಂಶ ಕಚೇರಿ’ ಎನ್ನಿಸಿಕೊಳ್ಳುತ್ತಾನೆ. (ಗ್ರಾಮ ಪಂಚಾಯಿತಿಯ ಪಿ.ಡಿ.ಒ. ಬೇರೆ, ಈ ಪಿ.ಡಿ.ಒ. ಬೇರೆ.) ಅವನಿಗೆ ಪರವಾನಗಿಯಾಗಲಿ ನೋಂದಣಿಯಾಗಲಿ ಬೇಕಿಲ್ಲ. ಗಿರಾಕಿಯ ಗುರುತು, ಹಣದ ಲೆಕ್ಕ ಮುಂತಾದುವನ್ನು ಮೇಲಿನ ಒಂದು ಸಂಸ್ಥೆ ನೋಡಿಕೊಳ್ಳುತ್ತದೆ. ಹಿಂದಿನ ಎಸ್.ಟಿ.ಡಿ. ಬೂತುಗಳ ಮಾದರಿಯೇ ಇದಕ್ಕೆ ಸ್ಫೂರ್ತಿ.

ಒಂದು ಕಾಲ್ಪನಿಕ ಲೆಕ್ಕವನ್ನು ಹಾಕಿ ನೋಡೋಣ. ಪೆಟ್ಟಿಗೆಯ ಬೆಲೆ 3,600 ರೂಪಾಯಿ, ಆಯುಸ್ಸು ಮೂರು ವರ್ಷ ಎಂದರೆ ತಿಂಗಳಿಗೆ 100 ರೂಪಾಯಿ ಆಯಿತು. ಅದು ಹತ್ತು ವಾಟ್ ವಿದ್ಯುತ್ತನ್ನು ಹಗಲಿರುಳೂ ಬಳಸಿದರೆ ತಿಂಗಳಿಗೆ 7.2 ಯೂನಿಟ್; ಇದನ್ನೂ ದುರಸ್ತಿಯನ್ನೂ ಸೇರಿಸಿ 150 ರೂಪಾಯಿ ಎನ್ನೋಣ. ಮನೆಬಳಕೆಯ ದರದಲ್ಲಿ ಅಂತರಜಾಲದ ಬಾಡಿಗೆ 700 ರೂಪಾಯಿ ಆದರೆ ಒಟ್ಟು ಖರ್ಚು 950. ಐದು ರೂಪಾಯಿಯ ಒಂದು ಚೀಟಿ ಮಾರಿದರೆ, ಮೇಲಿನವರ ಪಾಲು ಕಳೆದು ನಾಲ್ಕು ರೂಪಾಯಿ ಉಳಿಯುವುದೆಂದು ಇಟ್ಟುಕೊಂಡರೆ, ತಿಂಗಳಿಗೆ 238 ಚೀಟಿ, ದಿನಕ್ಕೆ ಎಂಟು ಚೀಟಿ ಮಾರಿದರೆ ಅಸಲು ಗಿಟ್ಟುತ್ತದೆ. ಇದು ಕಷ್ಟವೇನಲ್ಲ.

ಆದರೆ ಈ ಸಂಪರ್ಕವನ್ನು ಮರುಮಾರಾಟಕ್ಕೆ ಬಳಸುವುದರಿಂದ ದುಬಾರಿಯಾದ ವಾಣಿಜ್ಯ ತಂತಿಯನ್ನೇ ಪಡೆಯಬೇಕೆಂದು ಸೇವಾದಾರರು ಪಟ್ಟುಹಿಡಿದರೆ? ಬಾಡಿಗೆ 5,000 ರೂಪಾಯಿ ಎಂದಾದರೆ ಒಟ್ಟು ಖರ್ಚು 5,250ಕ್ಕೆ ಏರಿ ದಿನಕ್ಕೆ 44 ಚೀಟಿಗಳನ್ನು ಮಾರಬೇಕಾಗುತ್ತದೆ. ಹಳ್ಳಿಯ ಅಂಗಡಿಗೆ ಇದು ಎಟುಕದ ಮಾತು. ಯೋಜನೆಯು ನಿರೀಕ್ಷೆಯಂತೆ ಹರಡದಿರಲು ಈ ಬಾಡಿಗೆಯೇ ಒಂದು ಮುಖ್ಯ ಕಾರಣವೆಂದು ಗುರುತಿಸಲಾಯಿತು. ಅದಕ್ಕಾಗಿ 2025ರ ಜೂನ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು, ಸೆಕೆಂಡಿಗೆ 200 ಮೆಗಾಬಿಟ್‌ವರೆಗಿನ ಸಂಪರ್ಕಗಳಿಗೆ ಈ ಅಂಗಡಿಯವರಿಂದ ಮನೆಬಳಕೆಯ ದರದ ಇಮ್ಮಡಿಗಿಂತ ಹೆಚ್ಚು ಪಡೆಯಬಾರದೆಂದು ಆಜ್ಞೆ ಹೊರಡಿಸಿತು. ನಮ್ಮ ಲೆಕ್ಕದಲ್ಲಿ ಬಾಡಿಗೆ ಆಗ 1,400 ರೂಪಾಯಿ, ಖರ್ಚು 1,650, ಚೀಟಿ ದಿನಕ್ಕೆ ಹದಿನಾಲ್ಕು. ಅಂಗಡಿಯ ಅಳಿವು ಉಳಿವು ಪೆಟ್ಟಿಗೆಯ ಜಾಣ್ಮೆಗಿಂತ ಹೆಚ್ಚಾಗಿ ಅದರ ಹಿಂದಿನ ತಂತಿಯ ಬೆಲೆಯನ್ನು ಅವಲಂಬಿಸಿದೆಯೆಂಬುದು ಇದರಿಂದ ಸ್ಪಷ್ಟವಾಗುವುದು.

ಮುಂದೇನು?

ಎಸ್.ಟಿ.ಡಿ. ಬೂತುಗಳು ಬಾಳಿದ್ದು ಮನೆಯಲ್ಲಿ ಫೋನಿಲ್ಲದ ಕಾಲದಲ್ಲಿ. ಜೇಬಿಗೆ ಫೋನು ಬಂದೊಡನೆ ಅವು ಮುಚ್ಚಿದವು. ಜೇಬಿನಲ್ಲಿಯೇ ಅಗ್ಗದ ದತ್ತಾಂಶವಿರುವಾಗ ವೈಫೈ ಚೀಟಿಯನ್ನು ಯಾರು ಕೊಂಡಾರು? ಮೊಬೈಲಿನ ಅಲೆ ತಲುಪದ ನೆಲಮಾಳಿಗೆ ಮತ್ತು ದಪ್ಪಗೋಡೆಯ ಕಟ್ಟಡಗಳಲ್ಲಿರುವವರು, ಗೋಪುರದ ಸಾಮರ್ಥ್ಯವನ್ನು ಸಾವಿರಾರು ಮಂದಿ ಹಂಚಿಕೊಳ್ಳುವ ಸಂತೆ-ಜಾತ್ರೆಗಳಿಗೆ ಬಂದವರು, ಸಿಮ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ಪಾಠದ ಚಿತ್ರಗಳನ್ನು ಇಳಿಸಿಕೊಳ್ಳಬೇಕಾದ ವಿದ್ಯಾರ್ಥಿಗಳು, ತಿಂಗಳ ಇಡಿಗಂಟಿನ ರೀಚಾರ್ಜಿಗೆ ಹಣ ಸಾಲದೆ ಐದು ರೂಪಾಯಿ ಮಾತ್ರ ತೆರಬಲ್ಲ ಬಡವರು: ಇವರೇ ಉಳಿದಿರುವ ಗಿರಾಕಿಗಳು. ಇವರ ಸಂಖ್ಯೆ ಕಡಿಮೆಯೇನಲ್ಲ. ಆದರೆ ಇವರು ಎಲ್ಲ ಬೀದಿಗಳಲ್ಲಿಯೂ ಇರುವುದಿಲ್ಲ.

ಆದುದರಿಂದ ವೈಫೈ ತಾಣವೊಂದನ್ನೇ ನಂಬಿ ಅಂಗಡಿ ತೆರೆಯುವುದು ವಿವೇಕವಲ್ಲ. ಇರುವ ಅಂಗಡಿಗೆ ಅದನ್ನು ಉಪಕಸುಬಾಗಿ ಸೇರಿಸಿಕೊಳ್ಳುವವನಿಗೆ ನಷ್ಟದ ಭಯ ಕಡಿಮೆ. ಚೀಟಿ ಕೊಳ್ಳಲು ಬಂದವನು ಒಂದು ಲೋಟ ಚಹವನ್ನೂ ಕುಡಿದಾನು. ಗ್ರಂಥಾಲಯ, ಆಸ್ಪತ್ರೆ, ಬಸ್ ನಿಲ್ದಾಣಗಳಲ್ಲಾದರೋ ಬೀದಿಯ ದೀಪದಂತೆ ಅದನ್ನು ಸಾರ್ವಜನಿಕ ಸೌಕರ್ಯವೆಂದೇ ಎಣಿಸುವುದು ಯುಕ್ತ. ನಿಮ್ಮ ಊರಿನಲ್ಲಿ ಇಂಥ ತಾಣವನ್ನು ತೆರೆಯಲು ಯಾರಾದರೂ ಮುಂದಾದರೆ, ಮೇಲಿನ ಲೆಕ್ಕದಲ್ಲಿ ನಿಮ್ಮೂರಿನ ದರಗಳನ್ನು ಇಟ್ಟು ದಿನಕ್ಕೆ ಎಷ್ಟು ಚೀಟಿ ಮಾರಬೇಕೆಂಬುದನ್ನು ಅವರಿಗೆ ತೋರಿಸಿಕೊಡಿರಿ. ಬಂಡವಾಳ ಹೂಡುವ ಮೊದಲೇ ತಿಳಿದುಕೊಳ್ಳಬೇಕಾದ ಸಂಖ್ಯೆ ಅದೊಂದೇ.