ಹಿಪ್ಪುನೇರಳೆ ಕಡ್ಡಿಯಲ್ಲಿ ಮಧುಮೇಹದ ಮದ್ದು

ರೇಷ್ಮೆ ಬೆಳೆಯುವ ರಾಮನಗರ, ಮಂಡ್ಯ, ಕೋಲಾರ ಸೀಮೆಗಳ ಸದ್ಭಕ್ತರಿಗೆ ಹಿಪ್ಪುನೇರಳೆ ಹೊಸದಲ್ಲ. ಹುಳುಗಳು ಸೊಪ್ಪು ತಿಂದು ಬಿಟ್ಟ ಕಡ್ಡಿ ಒಲೆಗೋ ತಿಪ್ಪೆಗೋ ಸೇರುವುದು ರೂಢಿ. ಚೀನಾದ ಪಾರಂಪರಿಕ ವೈದ್ಯದಲ್ಲಾದರೋ ಎಳೆಯ ರೆಂಬೆಗಳನ್ನು ಒಣಗಿಸಿ ಕೀಲುನೋವಿಗೆ ಬಳಸುತ್ತ ಬಂದಿದ್ದಾರೆ. 2020ರಲ್ಲಿ ಆ ದೇಶದ ಔಷಧ ನಿಯಂತ್ರಣ ಸಂಸ್ಥೆಯು ಈ ರೆಂಬೆಗಳಿಂದ ಬೇರ್ಪಡಿಸಿದ ಆಲ್ಕಲಾಯ್ಡ್‌ಗಳ ಮಾತ್ರೆಗೆ, ಎರಡನೆಯ ಬಗೆಯ ಮಧುಮೇಹದ ಚಿಕಿತ್ಸೆಗಾಗಿ ಅನುಮತಿ ನೀಡಿತು.

ಅವುಗಳಲ್ಲಿ ಮುಖ್ಯವಾದುದು ಡಿಆಕ್ಸಿನೊಜಿರಿಮೈಸಿನ್. 1976ರಲ್ಲಿ ಜಪಾನಿನ ವಿಜ್ಞಾನಿಗಳು ಇದನ್ನು ಹಿಪ್ಪುನೇರಳೆಯ ಬೇರಿನ ತೊಗಟೆಯಲ್ಲಿ ಕಂಡಿದ್ದರು. ರಚನೆಯಲ್ಲಿ ಇದು ಗ್ಲೂಕೋಸನ್ನು ಬಹುವಾಗಿ ಹೋಲುತ್ತದೆ; ಉಂಗುರದಲ್ಲಿ ಆಮ್ಲಜನಕವಿರಬೇಕಾದೆಡೆ ಸಾರಜನಕವಿರುವುದೇ ಮುಖ್ಯ ವ್ಯತ್ಯಾಸ. ನಾವುಂಡ ಅನ್ನ, ಮುದ್ದೆ, ರೊಟ್ಟಿಗಳ ಪಿಷ್ಟವನ್ನು ಕೊನೆಯದಾಗಿ ಗ್ಲೂಕೋಸಾಗಿ ಒಡೆಯುವವು ಸಣ್ಣಕರುಳಿನ ಒಳಗೋಡೆಯ ಆಲ್ಫಾ ಗ್ಲೂಕೋಸಿಡೇಸ್ ಕಿಣ್ವಗಳು. ಈ ಸಂಯುಕ್ತವು ಗ್ಲೂಕೋಸಿನ ವೇಷದಲ್ಲಿ ಹೋಗಿ ಕಿಣ್ವದೊಳಗೆ ಕುಳಿತುಬಿಡುತ್ತದೆ. ಆಗ ಪಿಷ್ಟ ಒಡೆಯುವುದು ನಿಧಾನವಾಗಿ, ಊಟದ ನಂತರ ರಕ್ತದ ಸಕ್ಕರೆ ಒಮ್ಮೆಲೇ ಏರುವುದಿಲ್ಲ. ಜೀರ್ಣವಾಗದೆ ಉಳಿದುದು ದೊಡ್ಡಕರುಳಿನಲ್ಲಿ ಹುದುಗುವುದರಿಂದ ಹೊಟ್ಟೆಯುಬ್ಬರ, ವಾಯು, ಕೆಲವರಿಗೆ ಭೇದಿಯೂ ಉಂಟು. ವೈದ್ಯರು ಬರೆದುಕೊಡುವ ಮಿಗ್ಲಿಟಾಲ್ ಇದೇ ಅಣುವಿನ ಮಾರ್ಪಾಡು. ಅಕಾರ್ಬೋಸ್, ವೋಗ್ಲಿಬೋಸ್‌ಗಳ ಕಾರ್ಯವೂ ಇದೇ ಬಗೆಯದು.

ಮನೆಯವರೆಲ್ಲ ತಿಳಿದಿರಬೇಕಾದ ಸಂಗತಿಯೊಂದು ಇಲ್ಲಿದೆ. ಈ ಔಷಧಗಳ ಜೊತೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ ತೀರ ಇಳಿದು ಬೆವರು, ನಡುಕ ಬಂದಾಗ ನಾವು ಥಟ್ಟನೆ ಕೊಡುವುದು ಬೆಲ್ಲ ಅಥವಾ ಸಕ್ಕರೆ. ಅವುಗಳಲ್ಲಿರುವುದು ಬಹುಪಾಲು ಸುಕ್ರೋಸ್. ಅದನ್ನು ಒಡೆಯುವ ಕಿಣ್ವವನ್ನೇ ಔಷಧವು ತಡೆದಿರುತ್ತದೆ. ಆದ್ದರಿಂದ ಬೆಲ್ಲ ತಿಂದರೂ ಚೇತರಿಕೆ ತಡವಾಗಬಹುದು. ಅಂಥವರಿಗೆ ಸುಮಾರು 15 ಗ್ರಾಂ ಬರಿಯ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಹಾಗಾದರೆ ಹಿತ್ತಲ ಕಡ್ಡಿಯನ್ನೇ ಕುದಿಸಿ ಕುಡಿಯಬಹುದಲ್ಲವೆ ಎಂಬ ಪ್ರಶ್ನೆ ಸಹಜ. ಮಾತ್ರೆಯಲ್ಲಿ ಸಂಯುಕ್ತದ ಅಳತೆ ನಿಗದಿಯಾಗಿರುತ್ತದೆ. ಕಡ್ಡಿಯಲ್ಲಿ ಅದು ತಳಿ, ಋತು, ಚಿಗುರಿನ ವಯಸ್ಸುಗಳಿಗೆ ತಕ್ಕಂತೆ ಹೆಚ್ಚುಕಡಿಮೆಯಾಗುತ್ತದೆ. ಇಂದಿನ ಕಷಾಯದ ಬಲ ನಾಳೆಯದಕ್ಕಿರದು. ತೋಟಕ್ಕೆ ಸಿಂಪಡಿಸಿದ ಔಷಧದ ಶೇಷವೂ ಅದರಲ್ಲಿರಬಹುದು. ಕಷಾಯವನ್ನು ನಂಬಿ ಮಾತ್ರೆ ಬಿಡುವುದನ್ನು ನಾವು ಒಪ್ಪಲಾರೆವು. ಈಗಾಗಲೇ ಕುಡಿಯುತ್ತಿರುವವರು ಅದನ್ನು ವೈದ್ಯರಲ್ಲಿ ಮುಚ್ಚಿಡದೆ ಹೇಳಿ, ಊಟಕ್ಕೆ ಮೊದಲು ಮತ್ತು ಎರಡು ಗಂಟೆಯ ಬಳಿಕ ರಕ್ತ ಪರೀಕ್ಷೆ ಮಾಡಿಸಿಕೊಳ್ಳಲಿ.