ಒಂದು ಡಾಲರಿನ ಭೂಮಿ

ಭೂಮಿಯನ್ನು ಕೊಳ್ಳುವಾಗ ನಾವು ಚತುಸ್ಸೀಮೆಯನ್ನು ನೋಡುತ್ತೇವೆ. ಸಾತಬಾರಾ ಉತಾರೆಯನ್ನು ತೆಗೆಸುತ್ತೇವೆ. ಸಾಲದ ಬೋಜಾ ಉಂಟೋ ಇಲ್ಲವೋ ಎಂದು ವಿಚಾರಿಸುತ್ತೇವೆ. ಇವೆಲ್ಲವೂ ಅವಶ್ಯವೇ. ಆದರೆ ಮಣ್ಣಿನೊಳಗೆ ಏನನ್ನು ಹೂಳಲಾಗಿದೆ ಎಂಬುದನ್ನು ಉತಾರೆಯು ಹೇಳದು. ಅದನ್ನು ಕಡೆಗಣಿಸಿದರೆ ಒದಗುವ ವಿಪತ್ತನ್ನು ತಿಳಿಯಲು ಅಮೇರಿಕೆಯ ಒಂದು ಶಾಲೆಯ ವೃತ್ತಾಂತವನ್ನು ವಿದ್ಯಾರ್ಥಿಗಳ ಹಾಗೂ ಪಾಲಕರ ಮುಂದಿಡುತ್ತೇವೆ.

ನ್ಯೂಯಾರ್ಕ್ ಸಂಸ್ಥಾನದ ನಯಾಗರಾ ಫಾಲ್ಸ್ ಪಟ್ಟಣದಲ್ಲಿ 'ಲವ್ ಕೆನಾಲ್' ಎಂಬ, ಅರ್ಧಕ್ಕೇ ನಿಂತುಹೋದ ಕಾಲುವೆಯೊಂದಿತ್ತು. 1942ರಿಂದ ಸುಮಾರು ಹತ್ತು ವರ್ಷ ಹುಕರ್ ಎಂಬ ರಾಸಾಯನಿಕ ಕಂಪನಿಯು ಸುಮಾರು 21,000 ಟನ್ನು ವಿಷಯುಕ್ತ ಕಸವನ್ನು ಅದರಲ್ಲಿ ತುಂಬಿ ಮಣ್ಣು ಮುಚ್ಚಿತು. 1953ರಲ್ಲಿ ಆ ಭೂಮಿಯನ್ನು ಊರಿನ ಶಿಕ್ಷಣ ಮಂಡಳಿಗೆ ಒಂದೇ ಡಾಲರಿಗೆ ಬರೆದುಕೊಟ್ಟಿತು. ಕಸ ಹೂತಿರುವ ಸಂಗತಿಯನ್ನೂ, ಅದರಿಂದಾಗುವ ಹಾನಿಗೆ ತಾನು ಹೊಣೆಯಲ್ಲವೆಂಬ ಷರತ್ತನ್ನೂ ಕ್ರಯಪತ್ರದಲ್ಲಿ ಕಾಣಿಸಿತ್ತು. ಮಂಡಳಿಯು ಒಪ್ಪಿಕೊಂಡು ಶಾಲೆಯನ್ನು ಕಟ್ಟಿಸಿತು. 1955ರಲ್ಲಿ ಪಾಠಗಳು ಆರಂಭವಾದವು. ಸುತ್ತಲೂ ಮನೆಗಳೆದ್ದವು. ಮನೆ ಕೊಂಡವರಲ್ಲಿ ಅನೇಕರಿಗೆ ಆ ಷರತ್ತಿನ ಸುಳಿವೇ ಇರಲಿಲ್ಲ.

ಮುಂದೆ ಮಳೆ ಮತ್ತು ಹಿಮದ ನೀರು ಇಂಗಿ ನೆಲದೊಳಗಿನ ಜಲಮಟ್ಟವು ಏರಿದಾಗ ವಿಷವು ಅಂಗಳಗಳಿಗೂ ನೆಲಮಾಳಿಗೆಗಳಿಗೂ ಒಸರಿತು. 1978ರ ಆಗಸ್ಟಿನಲ್ಲಿ ಸರಕಾರವು ತುರ್ತು ಪರಿಸ್ಥಿತಿಯನ್ನು ಸಾರಿತು. ಶಾಲೆಯು ಮುಚ್ಚಿತು, ನೂರಾರು ಕುಟುಂಬಗಳು ಮನೆ ತೊರೆದವು. ಅದೇ ಶಾಲೆಯ ಬಾಲಕನೊಬ್ಬನ ತಾಯಿಯಾದ ಲೋಯಿಸ್ ಗಿಬ್ಸ್ ಎಂಬ ಗೃಹಿಣಿಯು ಜನರನ್ನು ಒಗ್ಗೂಡಿಸಿ ಹೋರಾಡಿದಳು.

ಈ ದುರಂತದ ಫಲವಾಗಿ 1980ರಲ್ಲಿ ಅಲ್ಲಿ 'ಸೂಪರ್‌ಫಂಡ್' ಎಂದು ಪ್ರಸಿದ್ಧವಾದ ಕಾನೂನು ಹುಟ್ಟಿತು. ಇದರ ಮೇರೆಗೆ ವಿಷ ಸುರಿದವನಷ್ಟೇ ಅಲ್ಲ, ಆ ಭೂಮಿಯ ಈಗಿನ ಒಡೆಯನೂ ಶುದ್ಧೀಕರಣದ ವೆಚ್ಚಕ್ಕೆ ಹೊಣೆಯಾಗಬಹುದು. ಕೊಳ್ಳುವ ಮೊದಲೇ ತಕ್ಕ ವಿಚಾರಣೆ ನಡೆಸಿದವನಿಗೆ ಮಾತ್ರ ಕೆಲವು ರಕ್ಷಣೆಗಳುಂಟು. 'ಹೊಣೆಯಲ್ಲ' ಎಂದು ಬರೆದಿದ್ದರೂ ಹುಕರ್ ಕಂಪನಿ ಪಾರಾಗಲಿಲ್ಲ. ಅದನ್ನು ಕೊಂಡಿದ್ದ ಆಕ್ಸಿಡೆಂಟಲ್ ಕಂಪನಿಯು 1995ರಲ್ಲಿ ಕೇಂದ್ರ ಸರಕಾರಕ್ಕೆ 129 ದಶಲಕ್ಷ ಡಾಲರು ಕೊಡಲು ಒಪ್ಪಬೇಕಾಯಿತು. ಅಗ್ಗದ ಭೂಮಿ ಎಷ್ಟು ದುಬಾರಿಯಾಯಿತೆಂಬುದನ್ನು ಓದುಗರೇ ಲೆಕ್ಕ ಹಾಕಲಿ.

ನಮ್ಮ ದೇಶದ 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೆಯ ಕಲಮಿನಂತೆ, ಬೇರೆ ಕರಾರು ಇಲ್ಲದಿದ್ದಲ್ಲಿ, ತನಗೆ ಗೊತ್ತಿದ್ದು ಕೊಳ್ಳುವವನಿಗೆ ಸಾಮಾನ್ಯ ಎಚ್ಚರದಿಂದ ಕಾಣದಂಥ ಮುಖ್ಯ ದೋಷವನ್ನು ಮಾರುವವನು ತಿಳಿಸತಕ್ಕದ್ದು. ರಾಜಸ್ಥಾನದ ಬಿಛ್ರಿ ಗ್ರಾಮದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ, ಕೆಡಿಸಿದವನೇ ವೆಚ್ಚ ತೆರಬೇಕೆಂಬ ತತ್ತ್ವವನ್ನು ಎತ್ತಿಹಿಡಿಯಿತು. ಆದರೂ ನ್ಯಾಯಾಲಯದ ದಾರಿ ದೀರ್ಘವಾದುದು. ಅಷ್ಟರೊಳಗೆ ಕಟ್ಟಡದ ಕೆಲಸ ನಿಂತು, ಸಾಲದ ಬಡ್ಡಿ ಬೆಳೆದು, ಮರಳಿ ಮಾರಹೋದರೆ ಗಿರಾಕಿ ಸಿಗದಂತಾದೀತು.

ಆದುದರಿಂದ ಗಿರಣಿ, ಬಣ್ಣದ ಕಾರಖಾನೆ, ಚರ್ಮ ಹದಮಾಡುವ ಸ್ಥಳ ಅಥವಾ ಎಣ್ಣೆಯ ಟಾಕಿಗಳಿದ್ದ ಜಾಗವನ್ನು ಕೊಳ್ಳುವವರು ನಾಲ್ಕು ಕಾರ್ಯಗಳನ್ನು ಮಾಡತಕ್ಕದ್ದು:

1. ಅಲ್ಲಿ ಹಿಂದೆ ಏನು ನಡೆಯುತ್ತಿತ್ತೆಂದು ನೆರೆಯ ಹಿರಿಯರನ್ನು ಕೇಳುವುದು.
2. ಬಾವಿಯ ನೀರನ್ನೂ ಬೇರೆಬೇರೆ ಆಳದ ಮಣ್ಣನ್ನೂ ಪ್ರಯೋಗಶಾಲೆಯಲ್ಲಿ ಪರೀಕ್ಷೆ ಮಾಡಿಸುವುದು.
3. ಕ್ರಯಪತ್ರದ ಪ್ರತಿಯೊಂದು ಷರತ್ತನ್ನೂ ವಕೀಲರಿಂದ ಓದಿಸುವುದು.
4. ಶುದ್ಧೀಕರಣದ ವೆಚ್ಚ ಯಾರದೆಂಬುದನ್ನು ಮುಂಗಡ ಕೊಡುವ ಮೊದಲೇ ಬರೆಯಿಸಿಕೊಳ್ಳುವುದು.

ವಿದ್ಯಾರ್ಥಿಗಳು ಈ ರಜೆಯಲ್ಲಿ ತಮ್ಮ ಹೊಲದ ಇಲ್ಲವೆ ಮನೆಯ ಕಾಗದಗಳನ್ನು ಹಿರಿಯರ ಬಳಿ ಕುಳಿತು ಓದಲಿ. ಆ ನೆಲದ ಹಿಂದಿನ ಇತಿಹಾಸವನ್ನು ಕೇಳಿ ಬರೆದಿಡಲಿ. ಮುಂದೊಂದು ದಿನ ಮನೆಗಾಗಲಿ ಶಾಲೆಗಾಗಲಿ ಜಾಗ ಆರಿಸುವ ಹೊಣೆ ಅವರ ಮೇಲೆಯೇ ಬೀಳತಕ್ಕದ್ದು.